ಎಫ್‌ಎಂ ಸೆಟ್ಟು ಬಿಡಬೇಕೆ? ಡಿಜಿಟಲ್ ರೇಡಿಯೊ ಬೇರೂರೀತೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹದಿನೈದು ವರ್ಷ ಹಳೆಯ ಎಫ್‌ಎಂ ಸೆಟ್ಟಿದೆ. ನನ್ನ ತಂದೆಗೆ 78 ವರ್ಷ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅದು ಅವರ ಪಕ್ಕದಲ್ಲೇ ಹಾಡುತ್ತಿರಬೇಕು. ಈಗ ಅದರ ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತದೆ. ಹೊಸದು ಕೊಳ್ಳಲು ಹೋದರೆ ಅಂಗಡಿಯವರು, "ಎಫ್‌ಎಂ ಇನ್ನೆಷ್ಟು ದಿನ? ಡಿಜಿಟಲ್ ತಗೊಳ್ಳಿ, ಸಿಡಿ ಕೇಳಿದ ಹಾಗಿರುತ್ತೆ" ಎಂದರು. ಡಿಜಿಟಲ್ ಸೆಟ್ಟಿರುವ ಪರಿಚಯದವರೊಬ್ಬರು, "ಮಾತಿನ ನಡುವೆ ತಟ್ಟನೆ ನಿಂತುಹೋಗುತ್ತೆ, ಬ್ಯಾಟರಿ ನುಂಗುತ್ತೆ" ಎನ್ನುತ್ತಾರೆ. ಮಗಳು, "ಎಲ್ಲಾ ಫೋನಿನಲ್ಲೇ ಬರುವಾಗ ರೇಡಿಯೊ ಯಾಕಪ್ಪಾ?" ಎನ್ನುತ್ತಾಳೆ. ಕಾರಿನಲ್ಲಿರುವುದೂ ಬರೀ ಎಫ್‌ಎಂ. ಡಿಜಿಟಲ್ ರೇಡಿಯೊ ನಿಜಕ್ಕೂ ಜನ ಒಪ್ಪಿಕೊಳ್ಳುವ ವಸ್ತುವೇ, ಅಥವಾ ನಾಲ್ಕು ದಿನ ಇದ್ದು ಹೋಗುವಂಥದ್ದೇ? ನಾನು ಈಗ ಏನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ತಂತ್ರಜ್ಞಾನ ಉಳಿಯುತ್ತದೆಯೇ ಎಂಬುದು ಒಂದು. ದುಡ್ಡು ಕೊಟ್ಟು ತಂದ ಸೆಟ್ಟು ನಾಳೆ ಮೂಕಾಗಿ, ತಂದೆಯವರ ದಿನ ಸಪ್ಪೆಯಾದರೆ ಹೇಗೆ ಎಂಬುದು ಇನ್ನೊಂದು. ಎರಡನೆಯದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತಿದೆ, ಕಾಡಬೇಕಾದದ್ದೂ ಅದೇ. ನಿಮಗೆ ಸಲಹೆ ಕೊಟ್ಟ ಮೂವರೂ ಅರ್ಧರ್ಧ ಸತ್ಯ ಹೇಳಿದ್ದಾರೆ.

ಮೊದಲು ಒಂದು ಗೊಂದಲ ತೀರಿಸೋಣ. ಅಂಕಿಗಳಲ್ಲಿ ಸ್ಟೇಷನ್ ತೋರಿಸುವ ಪರದೆ ಇದ್ದ ಮಾತ್ರಕ್ಕೆ ಸೆಟ್ಟು ಡಿಜಿಟಲ್ ರೇಡಿಯೊ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ "ಡಿಜಿಟಲ್ ಟ್ಯೂನಿಂಗ್" ಎಂದಿದ್ದರೆ ಅದು ಹೆಚ್ಚಾಗಿ ಮಾಮೂಲು ಎಫ್‌ಎಂ ಸೆಟ್ಟೇ, ಮುಳ್ಳಿನ ಬದಲು ಅಂಕಿ ಬಂದಿದೆ ಅಷ್ಟೆ. ನಿಜವಾದ ಡಿಜಿಟಲ್ ಪ್ರಸಾರದಲ್ಲಿ ಗಾಳಿಯಲ್ಲಿ ಬರುವ ಸಂಕೇತವೇ ಬೇರೆ, ಅದರಲ್ಲೂ ಒಂದಕ್ಕೊಂದು ಹೊಂದದ ಹಲವು ಪದ್ಧತಿಗಳಿವೆ. ಯುರೋಪಿನ ಬಹುಭಾಗದಲ್ಲೂ ಆಸ್ಟ್ರೇಲಿಯಾದಲ್ಲೂ ಇರುವುದು ಡಿಎಬಿ ಮತ್ತು ಅದರ ಹೊಸ ರೂಪ ಡಿಎಬಿ ಪ್ಲಸ್. ಅಮೆರಿಕದ್ದು ಎಚ್‌ಡಿ ರೇಡಿಯೊ: ಎಫ್‌ಎಂ ಅಥವಾ ಎಎಂ ಸ್ಟೇಷನ್ನಿನ ಅಕ್ಕಪಕ್ಕದಲ್ಲೇ ಡಿಜಿಟಲ್ ಸಂಕೇತವನ್ನೂ ಸೇರಿಸಿ ಕಳಿಸುವ ವಿಧಾನ. ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮಧ್ಯಮ ತರಂಗ ಮತ್ತು ಶಾರ್ಟ್ ವೇವ್‌ಗಾಗಿ ರೂಪುಗೊಂಡದ್ದು ಡಿಆರ್‌ಎಂ. ಭಾರತದಲ್ಲಿ ಆಕಾಶವಾಣಿ ತನ್ನ ಅನೇಕ ಮಧ್ಯಮ ತರಂಗ ಕೇಂದ್ರಗಳಲ್ಲಿ ಅಳವಡಿಸಿರುವುದು ಇದನ್ನೇ. ಒಂದು ಪದ್ಧತಿಯ ಸೆಟ್ಟಿನಲ್ಲಿ ಇನ್ನೊಂದು ಪದ್ಧತಿಯ ಪ್ರಸಾರ ಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು "ಇದು ಡಿಜಿಟಲ್ಲೇ?" ಎಂದಲ್ಲ, "ಇದರಲ್ಲಿ ಯಾವ ಪದ್ಧತಿ ಇದೆ, ನಾನಿರುವ ಕಡೆ ಅದರ ಪ್ರಸಾರ ಇದೆಯೇ?" ಎಂದು. ಪ್ರಸಾರವೇ ಇಲ್ಲದ ಕಡೆ ಎಂಥ ಸೆಟ್ಟು ಕೊಂಡರೂ ಅದು ಬರೀ ಎಫ್‌ಎಂ ಸೆಟ್ಟು.

ಇನ್ನು "ಸಿಡಿ ಕೇಳಿದ ಹಾಗೆ" ಎಂಬ ಮಾತು. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಮಾಹಿತಿ ಹರಿಯುತ್ತದೆ. ಡಿಎಬಿಯಲ್ಲಿ ಒಂದೊಂದು ಸ್ಟೇಷನ್ನಿಗೆ ಒಂದೊಂದು ಆವರ್ತನ ಇರುವುದಿಲ್ಲ, 1.536 ಮೆಗಾಹರ್ಟ್ಸ್ ಅಗಲದ ಒಂದು ಬ್ಲಾಕಿನಲ್ಲಿ ಹಲವು ಸ್ಟೇಷನ್‌ಗಳು ಒಂದೇ ಬಂಡಿಯ ಮೂಟೆಗಳಂತೆ ಸಾಗುತ್ತವೆ. ತಪ್ಪು ತಿದ್ದುವ ಸಂಕೇತಗಳಿಗೆ ಜಾಗ ಬಿಟ್ಟ ಮೇಲೆ, ಸಾಮಾನ್ಯವಾಗಿ ಬಳಸುವ ರಕ್ಷಣೆಯ ಮಟ್ಟದಲ್ಲಿ, ಆ ಬಂಡಿಗೆ ಹಿಡಿಸುವುದು ಸೆಕೆಂಡಿಗೆ 1152 ಕಿಲೋಬಿಟ್. ಅಂದರೆ ಬಂಡಿಯಲ್ಲಿರುವ ಎಲ್ಲ ಸ್ಟೇಷನ್‌ಗಳ ಮಾಹಿತಿ ಸೇರಿಸಿದರೂ ಒಂದು ಸಿಡಿಯಷ್ಟಾಗುವುದಿಲ್ಲ. ಹಳೆಯ ಡಿಎಬಿಯಲ್ಲಿ ಸ್ಟೇಷನ್ನಿಗೆ 128 ಕಿಲೋಬಿಟ್ ಕೊಟ್ಟರೆ ಒಂಬತ್ತೇ ಸ್ಟೇಷನ್. 2007ರಲ್ಲಿ ಬಂದ ಡಿಎಬಿ ಪ್ಲಸ್ ಇನ್ನೂ ಚುರುಕಾದ ಸಂಕೋಚನ, ಅಂದರೆ ಧ್ವನಿಯ ಮಾಹಿತಿಯನ್ನು ಹಿಂಡಿ ಚಿಕ್ಕದು ಮಾಡುವ ವಿಧಾನ, ಬಳಸುತ್ತದೆ. ಅದರಲ್ಲಿ 64 ಕಿಲೋಬಿಟ್‌ಗೂ ಮಾತು ಮತ್ತು ಲಘು ಸಂಗೀತ ಚೆನ್ನಾಗಿಯೇ ಕೇಳುತ್ತದೆ, ಹಾಗಾಗಿ ಹದಿನೆಂಟು ಸ್ಟೇಷನ್ ತುಂಬಬಹುದು. ಎಷ್ಟು ಸ್ಟೇಷನ್, ಒಂದೊಂದಕ್ಕೆ ಎಷ್ಟು ಜಾಗ ಎಂಬುದು ಪ್ರಸಾರಕರ ಕೈಯಲ್ಲಿದೆ. ಅವರು ಬಹಳ ಸಲ ಗುಣಮಟ್ಟ ಬಿಟ್ಟು ಸಂಖ್ಯೆಯನ್ನು ಆರಿಸಿಕೊಂಡಿದ್ದಾರೆ, ಕೆಲವರು ಸ್ಟೀರಿಯೊವನ್ನೂ ಬಿಟ್ಟು ಮೊನೊಗೆ ಇಳಿದಿದ್ದಾರೆ. ಗಟ್ಟಿ ಸಿಗ್ನಲ್ ಇರುವ ಕಡೆ ಒಳ್ಳೆಯ ಎಫ್‌ಎಂ ಸೆಟ್ಟು 15 ಕಿಲೋಹರ್ಟ್ಸ್‌ವರೆಗಿನ ಸ್ವರವನ್ನು ಸ್ಟೀರಿಯೊದಲ್ಲಿ ಕೊಡುತ್ತದೆ. ಜಾಗ ಹಿಂಡಿದ ಡಿಜಿಟಲ್ ಸ್ಟೇಷನ್ ಅದಕ್ಕೆ ಸಾಟಿಯಲ್ಲ. ಡಿಜಿಟಲ್ ನಿಜವಾಗಿ ಕೊಡುವುದು ಹಿನ್ನೆಲೆಯ ಸುಸ್ ಎಂಬ ಸದ್ದಿಲ್ಲದ ನಿಶ್ಶಬ್ದ. ತಂದೆಯವರಿಗೆ ಕಿವಿ ಸ್ವಲ್ಪ ಮಂದವಾಗಿದ್ದರೆ ಆ ನಿಶ್ಶಬ್ದದಲ್ಲಿ ಮಾತು ಸ್ಪಷ್ಟವಾಗುತ್ತದೆ, ಅದು ಸಣ್ಣ ಲಾಭವಲ್ಲ. ಅಂಗೈಯಗಲದ ಸ್ಪೀಕರಿನಲ್ಲಿ ಸಂಗೀತದ ವ್ಯತ್ಯಾಸವನ್ನು ಮಾತ್ರ ಯಾರೂ ಗುರುತಿಸಲಾರರು.

ನಿಮ್ಮ ಪರಿಚಯದವರ ದೂರು ನಿಜ. ಅದರ ಕಾರಣ ತಿಳಿದರೆ ಅರ್ಧ ಪರಿಹಾರ ಸಿಕ್ಕಂತೆ.

ಎಫ್‌ಎಂ ಸಿಗ್ನಲ್ ಕುಗ್ಗುತ್ತಾ ಹೋದಂತೆ ಸದ್ದು ಮೆಲ್ಲಮೆಲ್ಲನೆ ಬೆರೆಯುತ್ತದೆ, ಮನುಷ್ಯನ ಕಿವಿ ಆ ಸದ್ದಿನ ನಡುವೆಯೂ ಮಾತನ್ನು ಹೆಕ್ಕಿಕೊಳ್ಳುತ್ತದೆ. ಡಿಜಿಟಲ್‌ನಲ್ಲಿ ಸೆಟ್ಟು ತಪ್ಪಾದ ಬಿಟ್‌ಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದಲು ಸಾಧ್ಯವಿರುವವರೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಒಂದು ಮಿತಿ ದಾಟಿದ ಕೂಡಲೇ ನೀರಿನಲ್ಲಿ ಮುಳುಗಿ ಮಾತಾಡಿದಂಥ ಗುಳುಗುಳು, ಆಮೇಲೆ ಮೌನ. ಇಳಿಜಾರಿಲ್ಲ, ನೇರ ಪ್ರಪಾತ. ಆದ್ದರಿಂದ ಎಫ್‌ಎಂ ಸ್ವಲ್ಪ ಗೊರಗೊರ ಎನ್ನುತ್ತಾ ಬರುವ ಕೋಣೆಯಲ್ಲಿ ಡಿಜಿಟಲ್ ಪೂರ್ತಿ ಚೆನ್ನಾಗಿಯೂ ಬರಬಹುದು, ಒಂದಿಷ್ಟೂ ಬಾರದೆಯೂ ಇರಬಹುದು. ಸೆಟ್ಟನ್ನು ಒಂದು ಗೇಣು ಸರಿಸಿದರೆ ಒಂದು ಹೋಗಿ ಇನ್ನೊಂದಾಗಬಹುದು.

ಇದಕ್ಕೆ ಪ್ರಸಾರದ ಕಡೆಯೂ ಕಾರಣವಿದೆ. ಡಿಎಬಿಯನ್ನು ರೂಪಿಸಿದ ಯುರೇಕಾ 147 ಯೋಜನೆ 1987ರಲ್ಲಿ ಆರಂಭವಾದಾಗ ಅವರ ಕಣ್ಣೆದುರು ಇದ್ದದ್ದು ಮುಖ್ಯವಾಗಿ ಓಡುವ ಕಾರು. ಕಾರಿನಲ್ಲಿ ಎಫ್‌ಎಂ ಕೆಡುವುದು ಗುಡ್ಡ, ಕಟ್ಟಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲನಗಳಿಂದ. ಡಿಎಬಿ ಮಾಹಿತಿಯನ್ನು 1536 ಸಣ್ಣ ವಾಹಕಗಳಿಗೆ (ಮಾಹಿತಿ ಹೊರುವ ಅಲೆಗಳಿಗೆ) ಹಂಚಿ, ಪ್ರತಿ ಸಂಕೇತದ ನಡುವೆ 246 ಮೈಕ್ರೊಸೆಕೆಂಡ್ ಬಿಡುವು ಇಡುತ್ತದೆ. ಆ ಬಿಡುವಿನೊಳಗೆ ಬಂದ ಪ್ರತಿಫಲನ ಕೆಡಿಸುವುದಿಲ್ಲ, ಸಹಾಯವನ್ನೇ ಮಾಡುತ್ತದೆ. ಅಷ್ಟು ಹೊತ್ತಿನಲ್ಲಿ ರೇಡಿಯೊ ಅಲೆ ಸುಮಾರು 74 ಕಿಲೋಮೀಟರ್ ಸಾಗುತ್ತದೆ. ಹಾಗಾಗಿ ಅಷ್ಟು ಅಂತರದಲ್ಲಿರುವ ಗೋಪುರಗಳೆಲ್ಲ ಒಂದೇ ಆವರ್ತನದಲ್ಲಿ ಒಟ್ಟಿಗೆ ಹಾಡಬಹುದು, ಊರು ದಾಟಿದರೂ ಮತ್ತೆ ಟ್ಯೂನ್ ಮಾಡಬೇಕಿಲ್ಲ. ಬಹಳ ಸೊಗಸಾದ ಯೋಚನೆ ಇದು. ಆದರೆ ಕಾರಿನ ಚಾವಣಿಯ ಏರಿಯಲ್ಲಿಗೆ (ಸಿಗ್ನಲ್ ಹಿಡಿಯುವ ಕಡ್ಡಿಗೆ) ಸಾಲುವ ಸಿಗ್ನಲ್, ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆ ತೂರಿ ಅಡುಗೆಮನೆಯ ಕಪಾಟಿನ ಮೇಲಿನ ಸೆಟ್ಟನ್ನು ತಲುಪಲು ಸಾಲುವುದಿಲ್ಲ. ಮೊದಲ ಕೊಳ್ಳುಗರು ಸೆಟ್ಟಿಟ್ಟದ್ದು ಅಡುಗೆಮನೆಯಲ್ಲಿ. "ನಿಂತುಹೋಗುತ್ತೆ" ಎಂಬ ಕೆಟ್ಟ ಹೆಸರು ಹುಟ್ಟಿದ್ದು ಅಲ್ಲಿ. ಆಮೇಲೆ ಹೆಚ್ಚಿನ ಗೋಪುರ, ಹೆಚ್ಚಿನ ಶಕ್ತಿ ಕೊಟ್ಟ ದೇಶಗಳಲ್ಲಿ ಆ ದೂರು ಬಹಳ ಕಡಿಮೆಯಾಯಿತು, ಕೊಡದ ಕಡೆ ಹಾಗೇ ಉಳಿಯಿತು.

ಆ ಪರಿಚಯದವರಿಗೆ ಇದನ್ನು ತಿಳಿಸಿ. ಡಿಎಬಿ ಪ್ರಸಾರವಾಗುವುದು 174ರಿಂದ 240 ಮೆಗಾಹರ್ಟ್ಸ್ ನಡುವೆ, ಸಾಮಾನ್ಯವಾಗಿ ಲಂಬ ಧ್ರುವೀಕರಣದಲ್ಲಿ. ಅಂದರೆ ಏರಿಯಲ್ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಎಫ್‌ಎಂಗೆ ಮಾಡುವಂತೆ ಕಡ್ಡಿಯನ್ನು ಪೂರ್ತಿ ಎಳೆಯಬೇಕಾಗಿಲ್ಲ. ತರಂಗದ ಉದ್ದ ಸುಮಾರು ಒಂದೂವರೆ ಮೀಟರ್, ಅದರ ಕಾಲು ಭಾಗವಾದ 35ರಿಂದ 40 ಸೆಂಟಿಮೀಟರ್ ಸಾಕು. ಸೆಟ್ಟನ್ನು ಕಿಟಕಿಯ ಬಳಿ ತನ್ನಿ. ಫ್ರಿಜ್ಜು, ಮೈಕ್ರೊವೇವ್, ಲೋಹದ ಕಪಾಟುಗಳಿಂದ ಒಂದು ಮೀಟರ್ ದೂರವಿಡಿ. ಅಗ್ಗದ ಮೊಬೈಲ್ ಚಾರ್ಜರ್ ಮತ್ತು ಕಳಪೆ ಎಲ್‌ಇಡಿ ಬಲ್ಬುಗಳು ಇದೇ ಆವರ್ತನಗಳಲ್ಲಿ ಗಲಾಟೆ ಮಾಡುತ್ತವೆ. ಒಂದೊಂದಾಗಿ ಆರಿಸಿ ನೋಡಿ, ಮೌನಕ್ಕೆ ಕಾರಣ ಬಹಳ ಸಲ ಪಕ್ಕದ ಪ್ಲಗ್ಗಿನಲ್ಲೇ ಇರುತ್ತದೆ. ಆಮೇಲೆ ಮೆನುವಿನಲ್ಲಿ ಸಿಗ್ನಲ್ ಗುಣಮಟ್ಟ ತೋರಿಸುವ ಪಟ್ಟಿ ತೆರೆದಿಟ್ಟುಕೊಂಡು ಸೆಟ್ಟನ್ನು ನಿಧಾನವಾಗಿ ಸರಿಸಿ. ಕಿವಿಯಿಂದ ಅಳೆಯಲು ಹೋಗಬೇಡಿ, ಪ್ರಪಾತದ ಅಂಚಿನಲ್ಲಿದ್ದರೂ ಕಿವಿಗೆ ಎಲ್ಲ ಸರಿಯಾಗಿಯೇ ಕೇಳುತ್ತದೆ. ಪಟ್ಟಿ ಅರ್ಧಕ್ಕಿಂತ ಮೇಲೆ ನಿಲ್ಲುವ ಜಾಗ ಹುಡುಕಿ. ಕೊನೆಗೆ ಪೂರ್ತಿ ಸ್ಕ್ಯಾನ್ ಮಾಡಿಸಿ.

ಬ್ಯಾಟರಿಯ ಮಾತೂ ಸುಳ್ಳಲ್ಲ. ಎಫ್‌ಎಂ ಸೆಟ್ಟಿನ ಕೆಲಸ ಸರಳ. ಡಿಎಬಿ ಸೆಟ್ಟು ಸೆಕೆಂಡಿಗೆ ಸುಮಾರು 800 ಸಲ ಆ 1536 ವಾಹಕಗಳನ್ನು ಲೆಕ್ಕಹಾಕಿ ಬಿಡಿಸಿ, ತಪ್ಪು ತಿದ್ದಿ, ಸಂಕೋಚನ ಬಿಚ್ಚಬೇಕು. ಮೊದಲ ಸೆಟ್ಟುಗಳು ಇದಕ್ಕೆ ವಿಪರೀತ ವಿದ್ಯುತ್ ತಿನ್ನುತ್ತಿದ್ದವು. ಈಗಿನ ಚಿಪ್‌ಗಳು ಬಹಳ ಸುಧಾರಿಸಿವೆ, ಆದರೂ ಎಫ್‌ಎಂಗಿಂತ ಹೆಚ್ಚೇ ಬೇಕು. ಲೆಕ್ಕ ನೀವೇ ಹಾಕಬಹುದು: 2000 ಮಿಲಿಆಂಪ್-ಅವರ್ ಸೆಲ್‌ಗಳನ್ನು ಸಾಲಾಗಿ ಹಾಕಿದ ಸೆಟ್ಟು 100 ಮಿಲಿಆಂಪ್ ಎಳೆದರೆ ಇಪ್ಪತ್ತು ಗಂಟೆ, 200 ಎಳೆದರೆ ಹತ್ತೇ ಗಂಟೆ. ದಿನವಿಡೀ ಹಾಡುವ ಸೆಟ್ಟಿಗೆ ಗೋಡೆಯ ವಿದ್ಯುತ್ತೇ ಸರಿ, ಬ್ಯಾಟರಿ ಕರೆಂಟು ಹೋದಾಗಿನ ಆಸರೆಯಾಗಿರಲಿ.

ಇನ್ನೊಂದು ವಿಷಯ ಯಾರೂ ನಿಮಗೆ ಹೇಳಿರಲಾರರು. ಡಿಜಿಟಲ್ ಪ್ರಸಾರ ಎಫ್‌ಎಂಗಿಂತ ಕೆಲವು ಸೆಕೆಂಡು ತಡ. ಸಂಕೋಚಿಸಲು, ಹೆಣೆಯಲು, ಮತ್ತೆ ಬಿಚ್ಚಲು ಹೊತ್ತು ಹಿಡಿಯುತ್ತದೆ. ಸುದ್ದಿಗೆ ಮುಂಚಿನ ಸಮಯದ ಪಿಪ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಅಭ್ಯಾಸ ತಂದೆಯವರಿಗಿದ್ದರೆ ಅದು ಇನ್ನು ನಂಬುವಂತಿಲ್ಲ. ಒಂದು ಕೋಣೆಯಲ್ಲಿ ಎಫ್‌ಎಂ, ಇನ್ನೊಂದರಲ್ಲಿ ಡಿಜಿಟಲ್ ಇಟ್ಟರೆ ನಡುಮನೆಯಲ್ಲಿ ನಿಂತವರಿಗೆ ಪ್ರತಿಧ್ವನಿ ಕೇಳುತ್ತದೆ. ಎಚ್‌ಡಿ ರೇಡಿಯೊದಲ್ಲಿ ಇದೇ ಕಾರಣಕ್ಕೆ ಪ್ರಸಾರಕರು ಎಫ್‌ಎಂ ಧ್ವನಿಯನ್ನು ಬೇಕೆಂದೇ ಸುಮಾರು ಎಂಟು ಸೆಕೆಂಡು ತಡಮಾಡಿ ಕಳಿಸುತ್ತಾರೆ. ಡಿಜಿಟಲ್ ಕೈಕೊಟ್ಟಾಗ ಸೆಟ್ಟು ತನ್ನಷ್ಟಕ್ಕೇ ಎಫ್‌ಎಂಗೆ ಜಾರಿದರೂ ಮಾತು ತುಂಡಾಗದಿರಲಿ ಎಂದು. ಆ ಹೊಂದಾಣಿಕೆ ತಪ್ಪಿದರೆ ಕಾರಿನಲ್ಲಿ ಒಂದೇ ಪದ ಎರಡು ಸಲ ಕೇಳಿಸುತ್ತದೆ. ಅದು ಸೆಟ್ಟಿನ ದೋಷವಲ್ಲ, ಸ್ಟೇಷನ್ನಿನದು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಜನ ಇದನ್ನು ಒಪ್ಪಿಕೊಂಡಾರೆಯೇ?

ಇತಿಹಾಸ ಎರಡೂ ಕಡೆ ಮಾತಾಡುತ್ತದೆ. ಕೆನಡಾ ಹೆಚ್ಚು ಉತ್ಸಾಹದಿಂದ ಆರಂಭಿಸಿ ಕೈಬಿಟ್ಟಿತು. ಅದು ಆರಿಸಿಕೊಂಡ ಆವರ್ತನ 1.4 ಗಿಗಾಹರ್ಟ್ಸ್‌ನ ಮೇಲಿತ್ತು. ಅಷ್ಟು ಗಿಡ್ಡ ತರಂಗಗಳಿಗೆ ಗೋಪುರಗಳು ಜಾಸ್ತಿ ಬೇಕು. ಜೊತೆಗೆ ಪಕ್ಕದ ಅಮೆರಿಕ ಬೇರೆಯೇ ಪದ್ಧತಿ ಹಿಡಿದದ್ದರಿಂದ ಆ ಸೆಟ್ಟುಗಳಿರುವ ಕಾರುಗಳೇ ಬರಲಿಲ್ಲ. ಫಿನ್ಲೆಂಡ್ 2005ರಲ್ಲಿ ಡಿಎಬಿ ನಿಲ್ಲಿಸಿತು, ಪೋರ್ಚುಗಲ್ 2011ರಲ್ಲಿ. ಹಾಂಗ್‌ಕಾಂಗ್‌ನಲ್ಲಿ 2017ರಲ್ಲಿ ಮುಗಿಯಿತು. ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ 2021ರ ಮಾರ್ಚ್ ಕೊನೆಗೆ ತನ್ನ ಡಿಎಬಿ ಮುಚ್ಚಿತು. ಅಲ್ಲಿನ ಖಾಸಗಿ ಸ್ಟೇಷನ್‌ಗಳು ಎಫ್‌ಎಂ ಬಿಟ್ಟು ಬಂದಿರಲೇ ಇಲ್ಲ. ಸ್ವೀಡನ್ 2015ರಲ್ಲಿ, ಎಫ್‌ಎಂ ತೆಗೆದು ಡಿಜಿಟಲ್ ತರುವ ಯೋಜನೆಯನ್ನೇ ಬದಿಗಿಟ್ಟಿತು.

ಇನ್ನೊಂದು ಕಡೆ ನಾರ್ವೆ ಇದೆ. 1995ರಲ್ಲೇ ಡಿಎಬಿ ಆರಂಭಿಸಿ, 2017ರ ಜನವರಿ 11ರಂದು ನೂರ್‌ಲಾಂಡ್ ಎಂಬ ಪ್ರಾಂತ್ಯದಿಂದ ಶುರುಮಾಡಿ ಅದೇ ಡಿಸೆಂಬರ್‌ನೊಳಗೆ ರಾಷ್ಟ್ರೀಯ ಸ್ಟೇಷನ್‌ಗಳ ಎಫ್‌ಎಂ ಪ್ರಸಾರ ಪೂರ್ತಿ ನಿಲ್ಲಿಸಿದ ಮೊದಲ ದೇಶ ಅದು. ಆದರೆ ಅಲ್ಲೂ ಅನೇಕ ಸ್ಥಳೀಯ ಸ್ಟೇಷನ್‌ಗಳು ಎಫ್‌ಎಂನಲ್ಲೇ ಉಳಿದವು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಡಿಸೆಂಬರ್ 31ರಂದು ತನ್ನ ಎಫ್‌ಎಂ ಆರಿಸಿತು. ಎರಡೂ ಕಡೆ ಆಮೇಲೆ ಕೇಳುಗರು ಕಡಿಮೆಯಾದರು. ಬಲವಂತದಿಂದ ಸ್ವಿಚ್ ಆರಿಸಿದರೆ ಎಲ್ಲರೂ ಹಿಂದೆ ಬರುವುದಿಲ್ಲ, ಕೆಲವರು ರೇಡಿಯೊ ಕೇಳುವ ಅಭ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ 2018ರ ಆರಂಭದಲ್ಲಿ ಒಟ್ಟು ರೇಡಿಯೊ ಆಲಿಸುವಿಕೆಯ ಅರ್ಧಕ್ಕಿಂತ ಹೆಚ್ಚು ಡಿಜಿಟಲ್ ಆಯಿತು. ಅದರಲ್ಲಿ ಡಿಎಬಿಯ ಜೊತೆ ಟಿವಿ ಮತ್ತು ಇಂಟರ್ನೆಟ್ ಮೂಲಕ ಕೇಳುವುದೂ ಸೇರಿದೆ ಎಂಬುದನ್ನು ನೆನಪಿಡಿ. ಆದರೂ 2021ರ ಪರಿಶೀಲನೆ, ಎಫ್‌ಎಂ ಕನಿಷ್ಠ 2030ರವರೆಗೆ ಇರಲಿ ಎಂದಿತು.

ಎಲ್ಲಿ ಬೇರೂರಿತು, ಎಲ್ಲಿ ಒಣಗಿತು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಧ್ವನಿಯ ಗುಣಮಟ್ಟ ಎಲ್ಲೂ ನಿರ್ಣಾಯಕವಾಗಿಲ್ಲ. ಕೇಳುಗರು ತಂತ್ರಜ್ಞಾನ ಕೊಳ್ಳುವುದಿಲ್ಲ, ಕಾರ್ಯಕ್ರಮ ಹುಡುಕಿಕೊಂಡು ಬರುತ್ತಾರೆ. ಬಿಬಿಸಿಯ 6 ಮ್ಯೂಸಿಕ್ ಎಂಬ ಸ್ಟೇಷನ್ ಇದಕ್ಕೆ ಒಳ್ಳೆಯ ನಿದರ್ಶನ. 2002ರಲ್ಲಿ ಬರೀ ಡಿಜಿಟಲ್ ಸ್ಟೇಷನ್ ಆಗಿ ಹುಟ್ಟಿದ ಅದನ್ನು ಮುಚ್ಚುವ ಪ್ರಸ್ತಾಪ 2010ರಲ್ಲಿ ಬಂದಾಗ ಕೇಳುಗರೇ ಎದ್ದು ನಿಂತು ಉಳಿಸಿಕೊಂಡರು. ಎಫ್‌ಎಂನಲ್ಲಿ ಸಿಗದ ಆ ಒಂದು ಸ್ಟೇಷನ್ನಿಗಾಗಿ ಜನ ಸೆಟ್ಟು ಕೊಂಡಿದ್ದರು. ನಾರ್ವೆಯಲ್ಲೂ ಎಫ್‌ಎಂನಲ್ಲಿ ಐದು ರಾಷ್ಟ್ರೀಯ ಸ್ಟೇಷನ್‌ಗಳಿಗಷ್ಟೇ ಜಾಗವಿತ್ತು, ಡಿಎಬಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಂದವು. ಅದಕ್ಕೆ ವಿರುದ್ಧವಾಗಿ, ಎಫ್‌ಎಂನಲ್ಲಿರುವುದನ್ನೇ ಡಿಜಿಟಲ್‌ನಲ್ಲೂ ಮತ್ತೆ ಹಾಕಿ "ಸ್ಪಷ್ಟವಾಗಿದೆ, ಬನ್ನಿ" ಎಂದ ಕಡೆ ಯಾರೂ ಬರಲಿಲ್ಲ.

ಎರಡನೆಯ ಶಕ್ತಿ ಕಾರು. ಕೈಸೆಟ್ಟನ್ನು ಜನ ಯೋಚಿಸಿ ಕೊಳ್ಳುತ್ತಾರೆ, ಕಾರಿನ ಸೆಟ್ಟು ಕಾರಿನ ಜೊತೆ ತಾನಾಗಿ ಬರುತ್ತದೆ. 2020ರ ಡಿಸೆಂಬರ್ 21ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಪ್ರಯಾಣಿಕ ಕಾರಿನಲ್ಲಿ ರೇಡಿಯೊ ಇದ್ದರೆ ಅದು ಡಿಜಿಟಲ್ ಪ್ರಸಾರವನ್ನೂ ಹಿಡಿಯಲೇಬೇಕು. ಯಾವ ಜಾಹೀರಾತಿಗಿಂತಲೂ ಈ ಒಂದು ನಿಯಮ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಡಿಆರ್‌ಎಂನ ಕಥೆಯೂ ಇದನ್ನೇ ಹೇಳುತ್ತದೆ. ತಾಂತ್ರಿಕವಾಗಿ ಅದು ಅದ್ಭುತ. ಮಾಮೂಲು ಎಎಂ ಪ್ರಸಾರದಲ್ಲಿ ಪೂರ್ತಿ ಮಾಡ್ಯುಲೇಷನ್ ಇದ್ದಾಗಲೂ, ಅಂದರೆ ಅಲೆಯ ಮೇಲೆ ಧ್ವನಿಯನ್ನು ಆದಷ್ಟೂ ಹೇರಿದಾಗಲೂ, ಶಕ್ತಿಯ ಮೂರನೇ ಎರಡು ಭಾಗ ಮಾಹಿತಿಯೇ ಇಲ್ಲದ ವಾಹಕಕ್ಕೆ ಹೋಗುತ್ತದೆ. ಡಿಆರ್‌ಎಂ ಅದನ್ನು ಉಳಿಸಿ, ಅದೇ 9 ಅಥವಾ 10 ಕಿಲೋಹರ್ಟ್ಸ್ ಜಾಗದಲ್ಲಿ ಎಷ್ಟೋ ಸ್ಪಷ್ಟವಾದ ಧ್ವನಿ ಕೊಡುತ್ತದೆ, ಗೋಪುರ ಒಂದೇ ಇದ್ದರೂ ದೊಡ್ಡ ಪ್ರದೇಶಕ್ಕೆ ಮುಟ್ಟುತ್ತದೆ. ಆದರೆ ಕೈಯಲ್ಲಿ ಹಿಡಿಯುವ, ಅಗ್ಗದ, ಕಡಿಮೆ ಬ್ಯಾಟರಿಯ ಡಿಆರ್‌ಎಂ ಸೆಟ್ಟು ಇಂದಿಗೂ ಅಪರೂಪ. ಭಾರತದಲ್ಲಿ ಅದಕ್ಕೆ ಕೇಳುಗರು ಸಿಗುತ್ತಿದ್ದರೆ ಅದು ಮುಖ್ಯವಾಗಿ ಕಾರ್ಖಾನೆಯಲ್ಲೇ ಡಿಆರ್‌ಎಂ ಅಳವಡಿಸಿದ ಕಾರುಗಳಿಂದ. ಬೀಜ ಮೊದಲೋ ಮರ ಮೊದಲೋ ಎಂಬ ತಕರಾರು ಇಲ್ಲಿ ದಶಕಗಳಿಂದ ನಡೆದಿದೆ: ಸೆಟ್ಟಿಲ್ಲವೆಂದು ಕಾರ್ಯಕ್ರಮವಿಲ್ಲ, ಕಾರ್ಯಕ್ರಮವಿಲ್ಲವೆಂದು ಸೆಟ್ಟಿಲ್ಲ.

ಕೇಳುಗರ ಕಣ್ಣಿಗೆ ಬೀಳದ ಮೂರನೆಯ ಎಳೆಯೂ ಇದೆ. ಹದಿನೆಂಟು ಸ್ಟೇಷನ್‌ಗಳಿಗೆ ಹದಿನೆಂಟು ಟ್ರಾನ್ಸ್‌ಮಿಟರ್ ಓಡಿಸುವ ಬದಲು ಒಂದೇ ಸಾಕಾದರೆ ವಿದ್ಯುತ್ ಬಿಲ್ಲು ಇಳಿಯುತ್ತದೆ. ಪ್ರಸಾರಕರಿಗೆ ಡಿಜಿಟಲ್ ಇಷ್ಟವಾಗುವುದು ಇದಕ್ಕೇ. ಆದರೆ ಎಫ್‌ಎಂ, ಡಿಜಿಟಲ್ ಎರಡನ್ನೂ ಒಟ್ಟಿಗೆ ಓಡಿಸುವ ವರ್ಷಗಳಲ್ಲಿ ಖರ್ಚು ದುಪ್ಪಟ್ಟು. ಎಫ್‌ಎಂ ಪರವಾನಗಿ ಈಗಾಗಲೇ ಕೈಯಲ್ಲಿರುವ ಖಾಸಗಿ ಸ್ಟೇಷನ್ನಿಗೆ ಇನ್ನೊಂದು ಹೆದರಿಕೆ. ಎಫ್‌ಎಂನಲ್ಲಿ ಜಾಗ ಕಡಿಮೆ ಇರುವುದೇ ಅದರ ಆಸ್ತಿ, ಡಿಜಿಟಲ್ ಬಂದರೆ ಪಕ್ಕದಲ್ಲೇ ಹದಿನೇಳು ಪೈಪೋಟಿದಾರರು ಕೂತಿರುತ್ತಾರೆ. ಇಂಥ ಕಡೆ ಸಾರ್ವಜನಿಕ ಪ್ರಸಾರ ಸಂಸ್ಥೆ ಒಂದೇ ಮುಂದೆ ಹೋದರೆ ಅದು ಐರ್ಲೆಂಡಿನಂತೆ ಒಂಟಿಯಾಗುತ್ತದೆ. ಎಲ್ಲರೂ ಒಟ್ಟಿಗೆ ಇಳಿದ ಕಡೆ ಮಾತ್ರ ಇದು ನಿಂತಿದೆ. ಆಸ್ಟ್ರೇಲಿಯಾ 2009ರಲ್ಲಿ ತನ್ನ ಐದು ದೊಡ್ಡ ನಗರಗಳಲ್ಲಿ, ಖಾಸಗಿಯವರೂ ಸೇರಿ, ನೇರವಾಗಿ ಡಿಎಬಿ ಪ್ಲಸ್‌ನಿಂದಲೇ ಆರಂಭಿಸಿತು. ಹಳೆಯ ಡಿಎಬಿ ಸೆಟ್ಟುಗಳನ್ನು ಕೊಂಡು ಆಮೇಲೆ ಕೈಸುಟ್ಟುಕೊಂಡ ಕೇಳುಗರು ಅಲ್ಲಿಲ್ಲ.

ಹಾಗಾದರೆ ಮಗಳ ಮಾತು? ಆಕೆ ಹೇಳುತ್ತಿರುವುದು ನಿಜವಾದ ಪೈಪೋಟಿಯನ್ನೇ. ಡಿಜಿಟಲ್ ರೇಡಿಯೊದ ಎದುರಾಳಿ ಎಫ್‌ಎಂ ಅಲ್ಲ, ಫೋನು. ಪ್ರಸಾರದ ಡಿಜಿಟಲ್ ಚಿಪ್ಪನ್ನು ಫೋನಿನೊಳಗೇ ಇಡುವ ಪ್ರಯತ್ನವೂ ನಡೆದಿತ್ತು. 2016ರಲ್ಲಿ ಎಲ್‌ಜಿ ಸ್ಟೈಲಸ್ 2 ಡಿಎಬಿ ಪ್ಲಸ್ ಇಟ್ಟುಕೊಂಡು ಬಂತು, ಆದರೆ ಬೇರೆ ಫೋನುಗಳು ಆ ದಾರಿ ಹಿಡಿಯಲಿಲ್ಲ. ಬೇಕಾದಾಗ ಬೇಕಾದ್ದನ್ನು ಕೇಳುವವರಿಗೆ ಫೋನೇ ಅನುಕೂಲ, ಅದರಲ್ಲಿ ತಪ್ಪೇನಿಲ್ಲ. ಆದರೂ ಪ್ರಸಾರಕ್ಕೆ ಒಂದು ಗುಣವಿದೆ, ಅದನ್ನು ಇಂಟರ್ನೆಟ್ ಕೊಡಲಾರದು. ಒಂದು ಗೋಪುರದಿಂದ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಹೊರೆ ಒಂದೇ. ಇಂಟರ್ನೆಟ್‌ನಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ಹರಿವು ಬೇಕು. ನೆರೆ, ಬಿರುಗಾಳಿಯ ದಿನ ಎಲ್ಲರೂ ಒಮ್ಮೆಗೇ ಫೋನು ಎತ್ತಿದಾಗ ಮೊಬೈಲ್ ಜಾಲ ಉಸಿರುಗಟ್ಟುವುದು ಅದಕ್ಕೇ, ಕರೆಂಟಿಲ್ಲದೆ ಮೊಬೈಲ್ ಗೋಪುರಗಳ ಬ್ಯಾಟರಿ ಮುಗಿಯುವುದು ಬೇರೆ. ಡೇಟಾ ಲೆಕ್ಕವೂ ಇರಲಿ: 128 ಕಿಲೋಬಿಟ್ ಸ್ಟೇಷನ್ನನ್ನು ಒಂದು ಗಂಟೆ ಕೇಳಿದರೆ ಸುಮಾರು 58 ಮೆಗಾಬೈಟ್, ತಂದೆಯವರಂತೆ ದಿನಕ್ಕೆ ಹದಿನಾಲ್ಕು ಗಂಟೆ ಕೇಳಿದರೆ 800 ಮೆಗಾಬೈಟ್ ದಾಟುತ್ತದೆ. ಅದೂ ಅಲ್ಲದೆ, ಎಪ್ಪತ್ತೆಂಟರ ಕೈಗೆ ಗುಂಡಿ ತಿರುಗಿಸುವುದು ಗೊತ್ತು. ಆಪ್ ತೆರೆದು, ಅಪ್‌ಡೇಟ್ ಕೇಳಿದರೆ ಒಪ್ಪಿ, ಪಾಸ್‌ವರ್ಡ್ ಕೊಡು ಎನ್ನುವುದು ಅವರ ಸ್ವಾತಂತ್ರ್ಯ ಕಿತ್ತುಕೊಂಡಂತೆ.

ನನ್ನ ಅಂದಾಜು ಹೀಗಿದೆ. ಡಿಎಬಿ ಪ್ಲಸ್ ಈಗಾಗಲೇ ಕಾರುಗಳಲ್ಲೂ ಮನೆಗಳಲ್ಲೂ ಸೇರಿರುವ ದೇಶಗಳಲ್ಲಿ ಅದು ಹೋಗುವುದಿಲ್ಲ. ಇನ್ನೂ ಆರಂಭಿಸದ ಕಡೆ ತಡವಾದಷ್ಟೂ ಇಂಟರ್ನೆಟ್ ಆ ಜಾಗ ತಿನ್ನುತ್ತದೆ. ಎಲ್ಲೇ ಆಗಲಿ, ಅಂಗಡಿಯವರು ಹೆದರಿಸಿದಂತೆ ಎಫ್‌ಎಂ ರಾತ್ರೋರಾತ್ರಿ ಮಾಯವಾಗದು. ಎಫ್‌ಎಂ ನಿಲ್ಲಿಸಿದ ದೇಶಗಳೂ ವರ್ಷಗಳ ಮೊದಲೇ ದಿನಾಂಕ ಸಾರಿದ್ದವು. ನೀವಿರುವಲ್ಲಿ ಸರ್ಕಾರ ಅಂಥ ದಿನಾಂಕ ಘೋಷಿಸಿಲ್ಲವಾದರೆ ಆ ಮಾತಿನ ಮೇಲೆ ದುಡ್ಡು ಬಿಚ್ಚಬೇಡಿ.

ಇನ್ನು ಕೊಳ್ಳುವ ಮಾತು. ನಿಮ್ಮಲ್ಲಿ ಡಿಎಬಿ ಪ್ಲಸ್ ಪ್ರಸಾರವಿದ್ದರೆ ಎರಡೂ ಇರುವ ಸೆಟ್ಟು ತನ್ನಿ, ಡಿಎಬಿ ಪ್ಲಸ್ ಮತ್ತು ಎಫ್‌ಎಂ. ಹಳೆಯ ಡಿಎಬಿ ಮಾತ್ರ ಇರುವ ಸೆಟ್ಟನ್ನು ಪುಕ್ಕಟೆ ಕೊಟ್ಟರೂ ಬೇಡ. ಹೊಸ ಸಂಕೋಚನ ಅದಕ್ಕೆ ಅರ್ಥವಾಗುವುದಿಲ್ಲ, ಸ್ಟೇಷನ್ನಿನ ಹೆಸರು ಮಾತ್ರ ತೋರಿಸಿ ಸುಮ್ಮನಿರುತ್ತದೆ. ಅಂಗಡಿಯಲ್ಲಿ ಕೇಳಿ ತೃಪ್ತಿಪಡಬೇಡಿ. ಮನೆಯಲ್ಲಿ ತಂದೆಯವರು ಕೂರುವ ಕುರ್ಚಿಯ ಪಕ್ಕದಲ್ಲಿ ಬಾರದಿದ್ದರೆ ವಾಪಸು ಕೊಡಬಹುದೆಂಬ ಷರತ್ತಿನ ಮೇಲೆ ತನ್ನಿ, ಒಂದು ವಾರ ಬೆಳಿಗ್ಗೆ ರಾತ್ರಿ ಎರಡೂ ಹೊತ್ತು ಕೇಳಿ ನೋಡಿ. ಅವರ ನಾಲ್ಕೈದು ಸ್ಟೇಷನ್‌ಗಳಿಗೆ ಒಂದೊಂದು ಪ್ರತ್ಯೇಕ ಗುಂಡಿ ಇರಲಿ. ಮೆನು ಒಳಗೆ ಹೋಗಿ ಆರಿಸಬೇಕಾದ ಸೆಟ್ಟು ಬೇಡ. ವಾಲ್ಯೂಮ್‌ಗೆ ತಿರುಗುವ ಗುಂಡಿ ಇರಲಿ, ಕರೆಂಟು ಹೋಗಿ ಬಂದರೆ ಕೊನೆಯ ಸ್ಟೇಷನ್ನನ್ನು ತಾನೇ ಹಿಡಿಯುತ್ತದೆಯೇ ಎಂದು ಪ್ಲಗ್ಗು ಕಿತ್ತು ಪರೀಕ್ಷಿಸಿ. ಗುಂಡಿ ಒತ್ತಿದ ಮೇಲೆ ಧ್ವನಿ ಬರಲು ಒಂದೆರಡು ಸೆಕೆಂಡು ಹಿಡಿಯುತ್ತದೆ ಎಂದು ಅವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಮತ್ತೆ ಮತ್ತೆ ಒತ್ತುತ್ತಾರೆ. ಕೆಲವೊಮ್ಮೆ ಪ್ರಸಾರಕರು ಸ್ಟೇಷನ್ನನ್ನು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಆಗ ಪಟ್ಟಿಯಲ್ಲಿ ಹೆಸರಿರುತ್ತದೆ, ಮುಂದೆ ಪ್ರಶ್ನಾರ್ಥಕ ಚಿಹ್ನೆ, ಧ್ವನಿ ಇಲ್ಲ. ಸೆಟ್ಟು ಕೆಟ್ಟಿಲ್ಲ. ಮೆನುವಿನಲ್ಲಿ ಸತ್ತ ಸ್ಟೇಷನ್‌ಗಳನ್ನು ಅಳಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ ಮತ್ತೆ ಸ್ಕ್ಯಾನ್ ಮಾಡಿ, ಗುಂಡಿಗಳನ್ನು ಮತ್ತೆ ತುಂಬಿ. ಈ ಕೆಲಸ ವರ್ಷಕ್ಕೊಮ್ಮೆ ನೀವೇ ಮಾಡಿಕೊಡಬೇಕಾದೀತು.

ಇಂಟರ್ನೆಟ್ಟೂ ಸೇರಿರುವ ಸೆಟ್ಟು ಆಕರ್ಷಕವಾಗಿ ಕಾಣುತ್ತದೆ. ಆದರೆ ಅದರ ಸ್ಟೇಷನ್ ಪಟ್ಟಿ ತಯಾರಕರ ಅಥವಾ ಬೇರೊಬ್ಬರ ಸರ್ವರಿನಿಂದ ಬರುತ್ತದೆ. ಆ ಸೇವೆ ನಿಂತರೆ ಇಂಟರ್ನೆಟ್ ಭಾಗ ಸತ್ತಂತೆ. ಪ್ರಸಾರ ಹಿಡಿಯುವ ಭಾಗ ಅದರಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಯೋಚಿಸಿ. ನಿಮ್ಮಲ್ಲಿ ಇರುವುದು ಡಿಆರ್‌ಎಂ ಆದರೆ, ಸದ್ಯಕ್ಕೆ ತಂದೆಯವರಿಗಾಗಿ ಅದನ್ನು ಹುಡುಕಿಕೊಂಡು ಹೋಗುವುದು ಬೇಡವೆನ್ನುತ್ತೇನೆ. ಮನೆಯೊಳಗೆ ಮಧ್ಯಮ ತರಂಗಕ್ಕೆ ಎಲ್‌ಇಡಿ ಮತ್ತು ಚಾರ್ಜರ್‌ಗಳ ಕಾಟ ಹೆಚ್ಚು, ಸೆಟ್ಟುಗಳ ಆಯ್ಕೆಯೂ ಕಡಿಮೆ.

ಕಾರಿಗೆ ಮೂರು ದಾರಿ. ಸಿಗರೇಟ್ ಲೈಟರಿಗೆ ಚುಚ್ಚಿ, ಡಿಎಬಿ ಹಿಡಿದು ಕಾರಿನ ಸೆಟ್ಟಿಗೆ ಎಫ್‌ಎಂ ಮೂಲಕ ಕೇಳಿಸುವ ಅಡಾಪ್ಟರ್ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಳಪೆ ಕೂಡ. ಊರು ಬದಲಾದಂತೆ ಅದು ಬಳಸುವ ಎಫ್‌ಎಂ ಆವರ್ತನದ ಮೇಲೆ ಬೇರೆ ಸ್ಟೇಷನ್ ಬಂದು ಕೂರುತ್ತದೆ. ಎರಡನೆಯದು, ಅದೇ ಅಡಾಪ್ಟರಿನ ಧ್ವನಿಯನ್ನು ತಂತಿಯಲ್ಲಿ, ಕಾರಿನ ಸೆಟ್ಟಿಗೆ ಹೊರಗಿನ ಧ್ವನಿ ಕೊಡುವ ಆಕ್ಸ್ ತೂತಿಗೆ ಕೊಡುವುದು. ಈ ಅಡಾಪ್ಟರಿನ ಜೊತೆ ಗಾಜಿಗೆ ಅಂಟಿಸುವ ಏರಿಯಲ್ಲಿನಲ್ಲಿ ಜನ ತಪ್ಪುವುದು ಒಂದೇ ಕಡೆ. ಅದರ ಪುಟ್ಟ ಲೋಹದ ಪಟ್ಟಿ ಕಿಟಕಿಯ ಪಕ್ಕದ ಕಂಬದ ಕವಚದ ಕೆಳಗಿನ ಬರಿಯ ಲೋಹಕ್ಕೆ ತಾಗಬೇಕು. ಬಣ್ಣದ ಮೇಲೆ ಅಂಟಿಸಿದರೆ ಅರ್ಧ ಏರಿಯಲ್ ಇಲ್ಲದಂತೆ. ಬಿಸಿಲು ತಡೆಯುವ ಲೋಹದ ಲೇಪವಿರುವ ಗಾಜಾದರೆ ಒಳಗೆ ಅಂಟಿಸಿ ಪ್ರಯೋಜನವಿಲ್ಲ. ಮೂರನೆಯದು, ಚಾವಣಿಯ ಮೇಲೆ ಡಿಎಬಿಗೆಂದೇ ಮಾಡಿದ ಏರಿಯಲ್ ಹಾಕಿಸಿ ಸೆಟ್ಟನ್ನೇ ಬದಲಿಸುವುದು. ಅದೇ ಖಾತ್ರಿಯ ದಾರಿ. ಅಷ್ಟು ಖರ್ಚು ಬೇಡವಾದರೆ, ಕಾರು ಬದಲಿಸುವ ದಿನದವರೆಗೆ ಎಫ್‌ಎಂನಲ್ಲೇ ಇರಿ.

ಹಳೆಯ ಸೆಟ್ಟನ್ನು ಮಾತ್ರ ಎಸೆಯಬೇಡಿ. ಗುಂಡಿ ತಿರುಗಿಸಿದರೆ ಕರಕರ ಎನ್ನುವುದು ಹೆಚ್ಚಾಗಿ ಅದರೊಳಗಿನ ಇಂಗಾಲದ ಪಟ್ಟಿಯ ಮೇಲೆ ಕೂತ ಧೂಳಿನಿಂದ. ಪ್ಲಗ್ಗು ಕಿತ್ತು, ಬ್ಯಾಟರಿ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿ, ವಾಲ್ಯೂಮ್ ಗುಂಡಿಯ ಹಿಂದಿನ ಸಣ್ಣ ಸಂದಿಗೆ ಎಲೆಕ್ಟ್ರಾನಿಕ್ಸ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಣ್ಣ ಚಿಮ್ಮು ಬಿಡಿ. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ, ಒಂದು ಗಂಟೆ ಆರಲು ಬಿಟ್ಟು ಹಚ್ಚಿ. ಸದ್ದು ಹೋದರೆ ಹೊಸ ಸೆಟ್ಟಿನ ಅವಸರವೂ ಹೋಯಿತು. ಹೋಗದಿದ್ದರೆ ಆ ಬಿಡಿಭಾಗವನ್ನೇ ಬದಲಿಸಲು ರಿಪೇರಿಯವರಿಗೆ ಕೊಡಿ. ಹೊಸದು ತಂದರೂ ಮೊದಲ ಒಂದೆರಡು ತಿಂಗಳು ಎರಡನ್ನೂ ತಂದೆಯವರ ಪಕ್ಕದಲ್ಲೇ ಇಡಿ, ಯಾವುದರ ಗುಂಡಿಗೆ ಅವರ ಕೈ ತಾನಾಗಿ ಹೋಗುತ್ತದೆ ನೋಡಿ.